ಪಂಚರ್ ಆಗದ ಸೈಕಲ್ಲು

ಈ ಊರಿಗೆ ಬಂದ ಹೊಸದರಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದವರು ಸೈಕಲ್ ತಳ್ಳಿಕೊಂಡು ನಡೆಯುವವರು. ಬೆಳಗಿನ ಹೊತ್ತು ಕೆರೆ ಏರಿಯ ರಸ್ತೆಯಲ್ಲಿ ನಿಂತರೆ ಅಂಥವರು ಸಿಗುತ್ತಲೇ ಇರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಹ್ಯಾಂಡಲ್ಲಿಗೆ ತೂಗುಹಾಕಿದ ಊಟದ ಡಬ್ಬಿ, ಎಣ್ಣೆ ಬಿಟ್ಟ ಚೈನು, ಗಾಳಿ ತುಂಬಿ ಬಿಗಿಯಾಗಿರುವ ಎರಡೂ ಚಕ್ರ. ಆದರೂ ಸವಾರ ಕೆಳಗಿಳಿದು, ಒಂದು ಕೈಯಲ್ಲಿ ಹ್ಯಾಂಡಲ್ಲು ಇನ್ನೊಂದು ಕೈಯಲ್ಲಿ ಸೀಟು ಹಿಡಿದು, ಚರಂಡಿಯ ಅಂಚಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿರುತ್ತಾನೆ. ಎದುರಿಗೆ ಸಿಕ್ಕ ಪರಿಚಯದವರು "ಪಂಚರ್ರಾ?" ಎನ್ನುತ್ತಾರೆ. "ಹೂಂ, ಪಂಚರ್ರು" ಎನ್ನುತ್ತಾನೆ. ಕೇಳಿದವರು ಚಕ್ರದ ಕಡೆ ನೋಡುವುದಿಲ್ಲ. ನೋಡುವುದು ಮರ್ಯಾದೆಯಲ್ಲ.

ದಾರಿ ಕಾಯುವವರಿಲ್ಲದ ಸೈಕಲ್ಲು ಈ ಊರಿನ ಗಾಡಿಯವರಿಗೆ ಕಾಣುವುದಿಲ್ಲ. ಬಸ್ಸಿನವರಿಗೂ ಅಷ್ಟೆ, ಲಾರಿ, ಕಾರು, ಆಟೋದವರಿಗೂ ಅಷ್ಟೆ. ಕುಡಿದಿರುತ್ತಾರೆಂದಲ್ಲ, ಸೊಕ್ಕೆಂದೂ ಅಲ್ಲ. ಅವರ ಕಣ್ಣಿಗೆ ಅಲ್ಲಿ ಬರೀ ರಸ್ತೆ ಇರುತ್ತದೆ. ಕೆಳಗಿಳಿದು ನಡೆದರೆ ಕಾಣುತ್ತೀರಿ. ನೆಲ ಮುಟ್ಟಿದವರನ್ನು ನೆಲವೇ ಕಾಯುತ್ತದೆ ಎಂದು ಇಲ್ಲಿಯ ಹಿರಿಯರ ಮಾತು. ಪೆಡಲ್ಲಿನ ಮೇಲೆ ಕಾಲಿಟ್ಟ ಮೇಲೆ ಮಾತ್ರ ಯಾರಾದರೂ, ಎಲ್ಲಾದರೂ ಕೂತು, ಇವಳು ಇನ್ನೂ ಬರಲಿಲ್ಲವಲ್ಲ ಎಂದುಕೊಳ್ಳುತ್ತಿರಬೇಕು.

ಊರು ಇದಕ್ಕೆ ತಕ್ಕಂತೆ ಬಾಳು ಹೊಂದಿಸಿಕೊಂಡಿದೆ. ಸೈಕಲ್ ಅಂಗಡಿಯವನು ಬೆಲೆ ಹೇಳುವ ಮೊದಲು "ಮನೇಲಿ ಯಾರಿದ್ದಾರೆ?" ಎಂದು ಕೇಳುತ್ತಾನೆ. ಗಂಡು ನೋಡಲು ಬಂದವರು ಹುಡುಗನ ಕೆಲಸಕ್ಕಿಂತ ಮೊದಲು ಮನೆಯಲ್ಲಿ ಕಾಯುವವರು ಯಾರು, ಅವರ ನೆನಪಿನ ಶಕ್ತಿ ಹೇಗೆ ಎಂದು ವಿಚಾರಿಸುತ್ತಾರೆ. ಹೊಸದಾಗಿ ಮದುವೆಯಾದವರನ್ನು ಗುರುತಿಸುವುದು ಸುಲಭ: ರಸ್ತೆಯ ನಟ್ಟನಡುವೆ, ಬಸ್ಸುಗಳನ್ನು ಹಿಂದೆ ಸಾಲಾಗಿ ಇರಿಸಿಕೊಂಡು, ಸಿಳ್ಳೆ ಹಾಕುತ್ತ ಹೋಗುತ್ತಾರೆ. ಕೆಲವು ವರ್ಷಗಳಲ್ಲಿ ಅವರೇ ಮೆಲ್ಲಮೆಲ್ಲಗೆ ಎಡಕ್ಕೆ ಸರಿಯುತ್ತಾರೆ. ಬಡಗಿ ಕೇರಿಯಲ್ಲೊಬ್ಬನಿಗೆ ತಮ್ಮನ ಜೊತೆ ಜಾಗದ ಜಗಳ. ಆ ತಮ್ಮ ದಿನಾ ಸಂಜೆ ಜಗಲಿಯಲ್ಲಿ ದೊಣ್ಣೆ ಹಿಡಿದು ಅಣ್ಣ ಬರುವುದನ್ನೇ ಕಾಯುತ್ತಾನಂತೆ. ಅವನಷ್ಟು ನಿಶ್ಚಿಂತೆಯಿಂದ ಸೈಕಲ್ ತುಳಿಯುವವನು ಊರಿನಲ್ಲೇ ಇಲ್ಲ ಎನ್ನುತ್ತಾರೆ.

ನಾನು ಬಂದದ್ದು ನೀರು ಪರೀಕ್ಷೆ ಮಾಡುವ ಕಚೇರಿಯ ಕೆಲಸಕ್ಕೆ. ರಸಾಯನಶಾಸ್ತ್ರ ಓದಿದವಳಿಗೆ ತಕ್ಕ ಕೆಲಸ. ಊರಿನ ನಲ್ಲಿಗಳಿಂದ ತಂದ ಬಾಟಲಿಗಳಿಗೆ ಹನಿ ಹನಿಯಾಗಿ ಔಷಧಿ ಬಿಟ್ಟು ಬಣ್ಣ ನೋಡುವುದು. ಮಾತಾಡಬೇಕಾಗಿಲ್ಲ. ನನಗೆ ಒಗ್ಗಿತು. ಬಾಡಿಗೆ ಕೋಣೆ ಸಿಕ್ಕಿದ್ದು ಕೆರೆಯ ಆಚೆಗೆ, ಜಲಜಾಕ್ಷಮ್ಮ ಎಂಬವರ ಮನೆಯ ಮಹಡಿಯಲ್ಲಿ. ಅಲ್ಲಿಂದ ಕಚೇರಿಗೆ ಬಸ್ಸಿಲ್ಲವೆಂದಲ್ಲ. ಆದರೆ ಏಳು ರಸ್ತೆ ಕೂಡುವ ವೃತ್ತದಲ್ಲಿ ಮೇಲ್ಸೇತುವೆ ಕಟ್ಟಲು ಶುರು ಮಾಡಿದಾಗಿನಿಂದ ಬಸ್ಸು ಅಲ್ಲಿ ಹೊಕ್ಕರೆ ಹೊರಬೀಳುವ ಹೊತ್ತಿಗೆ ಮಧ್ಯಾಹ್ನದ ಗಂಟೆ ಹೊಡೆದಿರುತ್ತದೆ. ಸೈಕಲ್ಲು ಮಾತ್ರ ಕಂಬಗಳ ನಡುವೆ, ಜಲ್ಲಿ ರಾಶಿಯ ಪಕ್ಕದಲ್ಲಿ, ನಿಂತ ಗಾಡಿಗಳ ಸಂದಿಯಲ್ಲಿ ನುಸುಳಿ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತದೆ.

ಆಗ ನನ್ನ ದಾರಿ ಕಾಯುವವನು ನಮ್ಮಣ್ಣ. ಅವನಿರುವುದು ದೂರದ ಊರು, ಅವನಿಗೆ ಇಲ್ಲಿಯ ವಿಷಯ ಏನೂ ಗೊತ್ತಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವನು. ದಿನಾ ಸಂಜೆ ಫೋನು ಮಾಡಿ "ತಲುಪಿದ್ಯಾ?" ಎನ್ನುತ್ತಿದ್ದ. "ಹೂಂ." "ಊಟ?" "ಮಾಡ್ಬೇಕು." "ಸರಿ, ಇಡ್ತೀನಿ." ಇಷ್ಟೇ ಮಾತು. ಆ ದಿನಗಳಲ್ಲಿ ಬಸ್ಸುಗಳು ನನ್ನನ್ನು ಕಂಡು ಒಂದು ಮೊಳ ಆಚೆಗೆ ಸರಿಯುತ್ತಿದ್ದವು. ಆಟೋದವರು ಪಕ್ಕಕ್ಕೆ ನುಗ್ಗುವ ಮೊದಲು ಹಾರ್ನು ಹೊಡೆಯುತ್ತಿದ್ದರು. ಅದೆಲ್ಲ ಸಹಜವೆಂದುಕೊಂಡಿದ್ದೆ.

ಅಣ್ಣನಿಗೆ ಮಗು ಹುಟ್ಟಿತು. ಫೋನು ದಿನ ಬಿಟ್ಟು ದಿನಕ್ಕೆ ಬಂತು, ಆಮೇಲೆ ಭಾನುವಾರಕ್ಕೆ ಬಂತು. ನನಗೆ ಬೇಸರವಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸಂಜೆ ಕೆರೆ ಏರಿಯ ಮೇಲೆ ಬರುತ್ತಿದ್ದೇನೆ, ಹಿಂದಿನಿಂದ ಬಂದ ಬಸ್ಸು ಹಾರ್ನು ಹೊಡೆಯಲಿಲ್ಲ, ಸರಿಯಲಿಲ್ಲ. ಅದರ ಬಿಸಿ ತಗಡು ನನ್ನ ಬಲಗೈಯ ಕೂದಲು ಸವರಿಕೊಂಡು ಹೋಯಿತು. ದುಪಟ್ಟಾದ ತುದಿ ಅದರ ಯಾವುದೋ ಮೊಳೆಗೆ ಸಿಕ್ಕಿ ಹರಿಯಿತು. ಕಿಟಕಿಯ ಪಕ್ಕ ಕೂತ ಹೆಂಗಸರು ಮಾತ್ರ ನನ್ನನ್ನು ಕಂಡರು. ಕಂಡು, ಪಾಪ ಎನ್ನುವ ಹಾಗೆ ಮುಖ ಆಚೆ ತಿರುಗಿಸಿದರು. ನಾನು ಇಳಿದು, ತಳ್ಳಿಕೊಂಡು ಮನೆಗೆ ಬಂದೆ.

ಕೋಣೆಗೆ ಬಂದು ನಾನೇ ಫೋನು ಮಾಡಿದೆ. ಹಿಂದೆ ಮಗು ಅಳುತ್ತಿತ್ತು.

"ಅಣ್ಣ, ಈಗ ಸ್ವಲ್ಪ ಹೊತ್ತಿಗೆ ಮುಂಚೆ ಏನು ಮಾಡ್ತಿದ್ದೆ?"

"ಏನು ಮಾಡೋದು, ಇವನಿಗೆ ಹೊಟ್ಟೆನೋವು. ಹೆಗಲಮೇಲೆ ಹಾಕ್ಕೊಂಡು ಓಡಾಡ್ತಿದ್ದೆ. ಯಾಕೆ?"

"ಸುಮ್ನೆ."

"ಏನಾದ್ರೂ ಬೇಕಿತ್ತಾ ಕುಮುದಾ?"

ಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಗೆ ಕೇಳುವುದು? ನನ್ನನ್ನು ದಿನಾ ಸ್ವಲ್ಪ ನೆನಪು ಮಾಡಿಕೊ ಅಣ್ಣಾ ಎಂದು ಯಾರಾದರೂ ಕೇಳುತ್ತಾರೆಯೇ? "ಏನಿಲ್ಲ, ಮಗು ದನಿ ಕೇಳ್ಬೇಕು ಅನ್ನಿಸ್ತು" ಎಂದೆ.

"ನೀನು ಒಂದು ದಡ ಮುಟ್ಟಿದೆಯಲ್ಲ, ಅದೇ ನಮ್ಗೆ ಸಮಾಧಾನ. ಅತ್ತಿಗೇನೂ ಅದೇ ಅಂತಾಳೆ. ನಿನ್ನ ಚಿಂತೆಯೇ ಇಲ್ಲ ನೋಡು ಈಗ" ಎಂದು ಅಣ್ಣ ಸಂತೋಷದಿಂದ ಹೇಳಿದ.

ಮರುದಿನದಿಂದ ನನಗೂ ಪಂಚರ್ ಆಗತೊಡಗಿತು. ಗಲ್ಲಿಗಳಲ್ಲಿ ತುಳಿಯುತ್ತಿದ್ದೆ, ದೊಡ್ಡ ರಸ್ತೆ ಬಂದಲ್ಲಿ ಇಳಿದು ತಳ್ಳುತ್ತಿದ್ದೆ. ಊರಿನಲ್ಲಿ ದೊಡ್ಡ ರಸ್ತೆಗಳೇ ಹೆಚ್ಚು. ತಳ್ಳುವ ಸೈಕಲ್ಲಿನ ಭಾರ ತುಳಿಯುವಾಗ ಗೊತ್ತಾಗುವುದಿಲ್ಲ. ಎಡಗಡೆಯ ಪೆಡಲ್ಲು ಮೊಣಕಾಲ ಕೆಳಗೆ ಹೊಡೆದು ಹೊಡೆದು ಅಲ್ಲೊಂದು ಹಸಿರು ಕಲೆ ನಿಂತುಬಿಟ್ಟಿತು. ಕಚೇರಿಯಲ್ಲಿ ದಿನಾ ತಡ. ಸೂಪರ್‌ವೈಸರ್ ಚಿದಂಬರಯ್ಯ ಒಳ್ಳೆಯ ಮನುಷ್ಯ, ನೇರವಾಗಿ ಏನೂ ಹೇಳುವವರಲ್ಲ. ಗೋಡೆಯ ಗಡಿಯಾರವನ್ನೇ ನೋಡುತ್ತ, "ಒಂದೇ ಟ್ಯೂಬಿಗೆ ಎಷ್ಟು ದಿನ ಅಂತ ತೇಪೆ ಹಾಕ್ತೀಯಮ್ಮ? ಹೊಸ ಟ್ಯೂಬ್ ಹಾಕಿಸ್ಕೊ" ಎಂದರು. ಮದುವೆ ಮಾಡಿಕೊ ಎಂದು ಅದರ ಅರ್ಥ. ಬಾಟಲಿ ತೊಳೆಯುತ್ತಿದ್ದವರೆಲ್ಲ ಬಾಟಲಿಗಳನ್ನು ಇನ್ನಷ್ಟು ಗಮನವಿಟ್ಟು ತೊಳೆದರು.

ಪಕ್ಕದ ಮೇಜಿನ ಶಾಹೀನಾಗೆ ಮಾತ್ರ ಮರ್ಯಾದೆಯ ಕಾಟ ಇಲ್ಲ. ಊಟದ ಹೊತ್ತಿಗೆ ನನ್ನ ಚಕ್ರ ಹಿಸುಕಿ ನೋಡಿ ಬಂದು, "ಕಲ್ಲಿನಂಗಿದೆ ಗಾಳಿ. ಯಾವನ್ರೀ ಅವ್ನು, ಕೈ ಕೊಟ್ಟೋನು?" ಎಂದಳು.

"ಯಾರೂ ಇಲ್ಲ. ನಮ್ಮಣ್ಣ."

"ಅಣ್ಣಂದಿರನ್ನ ನಂಬ್ಕೊಂಡು ಯಾರಾದ್ರೂ ಸೈಕಲ್ ಹೊಡೀತಾರಾ? ನಮ್ಮತ್ತೆಗೆ ಹೇಳ್ತೀನಿ ತಾಳಿ. ಅವರಿಗೆ ಬೇರೆ ಕೆಲಸ ಏನಿದೆ, ನಾವು ಐದು ಜನ ಹೊರಗೆ ಹೋಗ್ತೀವಿ, ಐದು ಜನಕ್ಕೂ ಕಾಯ್ತಾರೆ. ಇನ್ನೊಬ್ಬರಿಗೆ ಜಾಗ ಮಾಡಿಸ್ತೀನಿ. ನಮ್ಮೆಜಮಾನ್ರಿಗೆ ಸ್ವಲ್ಪ ಕಮ್ಮಿ ಕಾದ್ರೂ ನಡೆಯುತ್ತೆ, ಅವರು ಅಲ್ಲೇ ಮೂಲೆ ಅಂಗಡೀಲಿ ಇರೋದು."

ನನ್ನ ಫೋಟೋ ತೆಗೆದುಕೊಂಡು ಹೋಗಿ ಅತ್ತೆಗೆ ತೋರಿಸಿದಳು. ಕಂಡರಿಯದ ಆ ಮುದುಕಿ ನಿಜಕ್ಕೂ ಕಾದರು. ಆದರೆ ಮುಖ ನೋಡದವರ ಕಾಯುವಿಕೆ ತೆಳು. ಸ್ಕೂಟರಿನವರಿಗೆ, ಆಟೋದವರಿಗೆ ನಾನು ಕಂಡೆ. ಬಸ್ಸಿನವರಿಗೆ ಮಸುಕಾಗಿ ಕಂಡಿರಬೇಕು, ಹತ್ತಿರ ಬಂದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಲಾರಿಯವರಿಗೆ ಇಲ್ಲವೇ ಇಲ್ಲ. ಅಷ್ಟಾದರೂ ಆಯಿತೆಂದು ನಾನು ಮತ್ತೆ ತುಳಿಯತೊಡಗಿದೆ. ಕಚೇರಿಗೆ ಹೊತ್ತಿಗೆ ಸರಿಯಾಗಿ ಹೋದೆ. ಆ ವಾರ ಚಿದಂಬರಯ್ಯ ಗಡಿಯಾರ ನೋಡಲಿಲ್ಲ.

ಬಿದ್ದದ್ದು ಶುಕ್ರವಾರ ಸಂಜೆ. ಇನ್ನೂ ಬೆಳಕಿತ್ತು. ವೃತ್ತ ದಾಟಿ, ಸೇತುವೆಯ ಕೊನೆಯ ಕಂಬದ ಹತ್ತಿರ, ಚರಂಡಿಯ ಚಪ್ಪಡಿಗಳು ಎದ್ದಿರುವ ಜಾಗದಲ್ಲಿ ಹೋಗುತ್ತಿದ್ದೆ. ಮುಂದಿದ್ದ ಆಟೋದವನು ಯಾರೋ ಕೈ ತೋರಿಸಿದರೆಂದು ಸರಕ್ಕನೆ ಎಡಕ್ಕೆ ಬಂದ. ಅವನ ಹಿಂದಿನ ಚಕ್ರ ನನ್ನ ಮುಂದಿನ ಚಕ್ರವನ್ನು ಒಳಕ್ಕೆ ಎಳೆದುಕೊಂಡಿತು. ನಾನು ಚಪ್ಪಡಿಯ ಮೇಲೆ ಮೊಣಕೈ ಊರಿ ಬಿದ್ದೆ. ಸೈಕಲ್ಲಿನಿಂದ ಇನ್ನೂ ಪೂರ್ತಿ ಬಿಡಿಸಿಕೊಂಡಿರಲಿಲ್ಲ; ಒಂದು ಕಾಲು ಚೌಕಟ್ಟಿನೊಳಗೆ ಸಿಕ್ಕಿತ್ತು.

ಆಟೋದವನು ಇಳಿದು ಬಂದು ತನ್ನ ಗಾಡಿಯ ತಗಡು ಸವರಿ ನೋಡಿದ. "ಏನಕ್ಕೆ ಹೊಡೀತು?" ಎಂದ.

"ಕಲ್ಲಿರ್ಬೇಕು" ಎಂದಿತು ಆಟೋದೊಳಗೆ ಕೂತವರ ಒಂದು ದನಿ. "ನಾಯಿ ಇರ್ಬೇಕು ನೋಡಪ್ಪ, ಪಾಪ" ಎಂದಿತು ಇನ್ನೊಂದು.

ಅವನು ಬಗ್ಗಿ ಗಾಡಿಯ ಅಡಿಯಲ್ಲಿ ನಾಯಿ ಹುಡುಕಿದ. ನಾನು ಅವನ ಪಾದದ ಪಕ್ಕದಲ್ಲೇ ಬಿದ್ದಿದ್ದೆ. ಅವನ ಹೆಬ್ಬೆರಳಿನ ಉಗುರು ಕಪ್ಪಾಗಿರುವುದು ಕಾಣುತ್ತಿತ್ತು. ಏನಾದರೂ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಕಾಲು ಬಿಡಿಸಿಕೊಂಡು ನೆಲಕ್ಕೆ ಊರಿದ ಮೇಲೆ ಅವನು ಬೆಚ್ಚಿ ಹಿಂದೆ ಸರಿದ. "ಯಾವಾಗ ಬಂದ್ರಿ ಮೇಡಂ ನೀವು ಇಲ್ಲಿಗೆ?" ಎಂದವನು, ನನ್ನ ಮೊಣಕೈ ನೋಡಿ, ಸೈಕಲ್ಲು ನೋಡಿ, ಎಲ್ಲ ಅರ್ಥವಾಗಿ ತಲೆ ತಗ್ಗಿಸಿದ. ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಹ್ಯಾಂಡಲ್ಲು ನೇರ ಮಾಡಿ ನನ್ನ ಕೈಗೆ ಕೊಟ್ಟ. "ಪಂಚರ್ರಾ?" ಎಂದ ಮೆತ್ತಗೆ.

"ಹೂಂ" ಎಂದೆ.

ದಾರಿಯಲ್ಲೇ ಫೋನು ಮಾಡಿದ ಶಾಹೀನಾ ವಿಷಯ ಕೇಳಿ ಅತ್ತಳು. ಮಧ್ಯಾಹ್ನ ಅವಳ ನಾದಿನಿಗೆ ಹೆರಿಗೆ ನೋವು ಬಂದು ಅತ್ತೆ ಆಸ್ಪತ್ರೆಗೆ ಹೋಗಿದ್ದರಂತೆ. ಮನೆಯ ಐವರನ್ನು ನೆನಪಿಟ್ಟುಕೊಂಡವರು ಆರನೆಯವಳನ್ನು ಕೈಬಿಟ್ಟಿದ್ದರು. "ಹೆಣ್ಣು ಮಗು" ಎಂದಳು ಅಳುವಿನ ನಡುವೆ. "ಒಳ್ಳೇದಾಯ್ತು" ಎಂದೆ. ನಿಜಕ್ಕೂ ಯಾರ ಮೇಲೂ ಸಿಟ್ಟು ಬರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

ಜಲಜಾಕ್ಷಮ್ಮ ಕೆಳಗಿನ ಜಗಲಿಯಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಅದೇ ಅವರ ಕೆಲಸ. ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು. ಐವತ್ತು ದಾಟಿದ ಗಟ್ಟಿ ಹೆಂಗಸು, ಮಾತು ಮಾತ್ರ ಸೂಜಿ. ಕೋಣೆ ಕೊಡುವಾಗಲೇ ಹೇಳಿಬಿಟ್ಟಿದ್ದರು: "ನೀರು ಬೆಳಿಗ್ಗೆ, ಗೇಟು ನೀನೇ ಹಾಕ್ಕೋಬೇಕು, ನಾನು ಯಾರಿಗೂ ಕಾಯೋಳಲ್ಲ." ನಾನು ಗೇಟಿನಲ್ಲಿ ಸೈಕಲ್ಲು ಒರಗಿಸುವುದನ್ನು ನೋಡಿ ದಾರ ಹಲ್ಲಿನಲ್ಲಿ ಕಡಿದು ಎದ್ದರು. ಬಚ್ಚಲಲ್ಲಿ ಮೊಣಕೈ ತೊಳೆದು, ಅರಿಸಿನ ಮೆತ್ತಿ, ಫಾಲ್ ಬಟ್ಟೆಯದೇ ಒಂದು ಚೂರು ಕಟ್ಟತೊಡಗಿದರು. ರೇಷ್ಮೆ ದಾರದ ನುಣುಪು ಅವರ ಬೆರಳುಗಳಲ್ಲಿ ಇತ್ತು. ಬಹಳ ದಿನಗಳಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ಬಹುಶಃ ಅದಕ್ಕೇ ಬಾಯಿ ಬಂತು.

"ಆಂಟಿ, ನೀವು ನನಗೆ ಕಾಯ್ತೀರಾ?"

ಅವರ ಕೈ ನಿಂತಿತು. ಗಂಟು ಅರ್ಧಕ್ಕೇ ಉಳಿಯಿತು.

"ದಿನಾ ಪೂರ್ತಿ ಬೇಡ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಕೆಲಸ ಮಾಡ್ತಾನೇ ಕಾಯಬಹುದು. ನಾನು ತೊಂದರೆ ಕೊಡೋಳಲ್ಲ."

"ನನ್ನ ಕೈಯಲ್ಲಿ ಕೊಡಬೇಡ ಕಣೇ" ಎಂದರು. ದನಿಯಲ್ಲಿ ಸೂಜಿ ಇರಲಿಲ್ಲ. "ನಾನು ಮರೆತುಬಿಡ್ತೀನಿ."

ಗಂಟು ಬಿಗಿದು ಮುಗಿಸಿ, ಎದುರಿಗೆ ಕೂತು, ಗೋಡೆ ನೋಡುತ್ತ ಹೇಳಿದರು. "ನಮ್ಮೆಜಮಾನ್ರು ಟೈಪಿಂಗ್ ಶಾಲೆ ಮೇಷ್ಟ್ರು. ಎಷ್ಟೋ ವರ್ಷ ಕಾದಿದ್ದೀನಿ, ಒಂದಿನ ತಪ್ಪಿಸಿದೋಳಲ್ಲ. ಒಂದಿನ ನಮ್ಮಕ್ಕ ಬಂದ್ಲು. ಚಿಕ್ಕೋರಿದ್ದಾಗಿನ ಕಥೆ ಎಲ್ಲ ತೆಗೆದು ಇಬ್ರೂ ನಕ್ಕಿದ್ದೇ ನಕ್ಕಿದ್ದು. ಹೊಟ್ಟೆ ಹಿಡ್ಕೊಂಡು ಕೂತುಬಿಟ್ಟಿದ್ದೆ. ಮನುಷ್ಯರು ನಗಬಾರ್ದು ಅಂತೇನಿಲ್ಲವಲ್ಲ. ನಗು ನಿಂತ ಮೇಲೆ ನೆನಪಾಯ್ತು, ಅಯ್ಯೋ ಇವರು ಇನ್ನೂ ಬಂದಿಲ್ಲವಲ್ಲ ಅಂತ. ಅಷ್ಟೊತ್ತಿಗೆ ಆಗಿತ್ತು. ಆ ಬಸ್ಸಿನವನು ಬಂದು ಕಾಲು ಹಿಡ್ಕೊಂಡ. ರಸ್ತೆ ಖಾಲಿ ಇತ್ತಮ್ಮ, ನನ್ನ ಮಕ್ಕಳಾಣೆ ಖಾಲಿ ಇತ್ತು ಅಂದ. ಸುಳ್ಳಲ್ಲ. ಅವನಿಗೆ ಖಾಲೀನೇ ಇತ್ತು."

ಅವರು ಎದ್ದು, "ಹೋಗು, ಮಲಕ್ಕೊ. ಕೈ ನೆನೆಸಬೇಡ" ಎಂದರು.

ಮತ್ತೆ ತಳ್ಳತೊಡಗಿದೆ. ಒಂದು ಕೈ ಮಡಿಸಲು ಬಾರದ್ದರಿಂದ ಈಗ ಇನ್ನೂ ನಿಧಾನ. ಬೆಳಕು ಹರಿಯುವ ಮೊದಲೇ ಹೊರಟರೂ ಕಚೇರಿ ಮುಟ್ಟುವಾಗ ಎಲ್ಲರ ಮೇಜಿನ ಮೇಲೂ ಬಾಟಲಿಗಳ ಅರ್ಧ ಸಾಲು ಮುಗಿದಿರುತ್ತಿತ್ತು. ನಾನು ನೋಡಬೇಕಾದ ನೀರನ್ನು ಶಾಹೀನಾ ನೋಡಿರುತ್ತಿದ್ದಳು. ಚಿದಂಬರಯ್ಯ ನನ್ನನ್ನು ಒಳಗೆ ಕರೆದು, ಕುರ್ಚಿ ತೋರಿಸಿ, ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು. "ಮೇಲಿನವರು ಕೇಳ್ತಿದ್ದಾರಮ್ಮ. ಈ ತಿಂಗಳು ಮುಗಿಯೋವರೆಗೆ ನಾನು ಹೇಗಾದ್ರೂ ತಡೀತೀನಿ. ಆಮೇಲೆ ಕಷ್ಟ. ಹತ್ತಿರದಲ್ಲೇ ಮನೆ ಮಾಡೋಕಾಗಲ್ವಾ?" ಎಂದರು. ಕಚೇರಿಯ ಹತ್ತಿರ ಬಾಡಿಗೆ ಎಷ್ಟೆಂದು ಅವರಿಗೂ ಗೊತ್ತಿತ್ತು. ಕೇಳಿದ ಮೇಲೆ ಅವರೇ "ಅದೂ ಆಗಲ್ಲ ಬಿಡು" ಎಂದರು.

ಉಳಿದದ್ದು ಅಣ್ಣನ ಮನೆ. ಅಲ್ಲಿ ನನಗೆ ಜಾಗವಿಲ್ಲವೆಂದಲ್ಲ. ಮಗುವಿನ ತೊಟ್ಟಿಲು ತೂಗುತ್ತ, ಅತ್ತಿಗೆಗೆ ಈರುಳ್ಳಿ ಹೆಚ್ಚಿಕೊಡುತ್ತ ಇರಬಹುದು. ಬಂದ ಗಂಡುಗಳ ಮುಂದೆ ಕಾಫಿ ಲೋಟ ಹಿಡಿದು ನಿಲ್ಲಬಹುದು. ಆದರೆ ಇಲ್ಲಿ, ಗಾಜಿನ ಕೊಳವೆಯ ತುದಿಯಿಂದ ಒಂದು ಹನಿ ಬಿದ್ದು ನೀರು ಕೆಂಪಿನಿಂದ ನೀಲಿಗೆ ತಿರುಗುವ ಗಳಿಗೆಯಲ್ಲಿ, ಅದನ್ನು ಮೊದಲು ಕಾಣುವವಳು ನಾನು. ಇನ್ನೆಲ್ಲೂ ನಾನು ಯಾವುದಕ್ಕೂ ಮೊದಲಿನವಳಲ್ಲ. ಅದನ್ನು ಬಿಟ್ಟು ಹೋಗಬೇಕಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಸೈಕಲ್ಲು ತಳ್ಳುವವರಿಗೆ ಯೋಚಿಸಲು ಬಹಳ ಸಮಯ.

ಆ ದಿನಗಳಲ್ಲಿ ತಳ್ಳುವವರ ಮುಖಗಳು ನನಗೆ ಪರಿಚಯವಾದವು. ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡ ಮರಗೆಲಸದವನು. ಯಾವಾಗಲೂ ಹೊಸ ಬಟ್ಟೆಯುಡುವ ಒಬ್ಬ ನಡುವಯಸ್ಸಿನ ನರ್ಸು. ಸಿಗ್ನಲ್ಲಿನಲ್ಲಿ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದೆವು. ಒಬ್ಬರಿಗೊಬ್ಬರು ಕಾಯಬಹುದಲ್ಲ ಎಂದು ಯಾರಿಗೂ ಹೊಳೆದಿಲ್ಲವೆಂದಲ್ಲ. ಒಂದು ದಿನ ನರ್ಸು ನನ್ನ ಮನಸ್ಸು ಓದಿದವಳಂತೆ, "ಆಗಲ್ಲಮ್ಮ, ನೋಡಿದ್ದೀವಿ. ಇಬ್ರೂ ರೋಡಲ್ಲೇ ಇದ್ರೆ ಯಾರು ಯಾರಿಗೆ ಕಾಯೋದು? ಅವರವರ ಜೀವ ಅವರವರ ಕೈಯಲ್ಲಿ ಹಿಡ್ಕೊಂಡಾಗ ಇನ್ನೊಬ್ಬರ ನೆನಪೆಲ್ಲಿರುತ್ತೆ?" ಎಂದಳು. ದೀಪ ಹಸಿರಾಯಿತು. ಅವಳು ತನ್ನ ದಾರಿ ಹಿಡಿದಳು, ನಾನು ನನ್ನದು.

ತಿಂಗಳ ಕೊನೆಗೆ ಕೋಣೆ ಬಿಟ್ಟು ಅಣ್ಣನ ಮನೆಗೆ ಹೋಗುತ್ತೇನೆಂದು ಜಲಜಾಕ್ಷಮ್ಮನಿಗೆ ಹೇಳಿದೆ. ಅವರು ದಾರಕ್ಕೆ ಮಣಿ ಪೋಣಿಸುತ್ತಿದ್ದರು. "ಹೂಂ" ಎಂದರು. ಇನ್ನೊಂದು ಮಣಿ ಪೋಣಿಸಿ, "ಅಲ್ಲಿ ಹೋಗಿ ಏನು ಮಾಡ್ತೀಯ?" ಎಂದರು.

"ಏನಿಲ್ಲ."

"ಏನಿಲ್ಲ ಅಂದ್ರೆ?"

"ಮನೇಲಿರ್ತೀನಿ. ಅಣ್ಣನಿಗೆ ಕಾಯ್ತೀನಿ."

ಅವರ ಕೈಯಿಂದ ಮಣಿಯೊಂದು ಜಾರಿ ಜಗಲಿಯ ಮೇಲೆ ಟಕಟಕನೆ ಉರುಳಿ ಹೋಯಿತು. ಇಬ್ಬರೂ ಅದನ್ನು ಹುಡುಕಲು ಏಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸೈಕಲ್ಲು ಹೊರಗೆ ತೆಗೆಯುವಾಗ ಅವರು ಗೇಟಿನಲ್ಲಿ ನಿಂತಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಜಗಳಕ್ಕೆ ಬಂದವರ ಹಾಗೆ.

"ಸಂಜೆ ಬರ್ತಾ ಹೀರೇಕಾಯಿ ತಗೊಂಡು ಬಾ."

"ತರ್ತೀನಿ ಆಂಟಿ."

"ಎಳೇದು ತಗೋ. ಬಲಿತದ್ದು ತಂದ್ರೆ ತಿಪ್ಪೆಗೆ ಹಾಕ್ತೀನಿ."

"ಹೂಂ."

"ಹೂಂ ಅಂತ ಹೂಂಗುಟ್ಟೋದಲ್ಲ, ಕೇಳಿಸ್ಕೊ. ಮನೇಲಿ ತರಕಾರಿ ಇಲ್ಲ, ಬೇಳೆ ಇಲ್ಲ. ಇದ್ದದ್ದನ್ನೆಲ್ಲ ನಿನ್ನೆ ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಬೆಳಿಗ್ಗೆ ಕಾಫಿ ಕುಡಿದಿಲ್ಲ, ಮಧ್ಯಾಹ್ನ ತಿನ್ನಲ್ಲ. ನೀನು ತಂದ್ರೆ ಒಲೆ, ತರದಿದ್ರೆ ಇಲ್ಲ."

ನನಗೆ ತಟ್ಟನೆ ತಿಳಿಯಲಿಲ್ಲ. "ನಿಮಗೆ ಸಕ್ಕರೆ ಕಾಯಿಲೆ ಇದೆ ಆಂಟಿ" ಎಂದೆ.

"ಇದೆ. ಅದಕ್ಕೇ ಹಸಿವು ಜಾಸ್ತಿ." ನನ್ನ ಮುಖ ನೋಡದೆ ಗೇಟಿನ ಚಿಲಕ ನೋಡುತ್ತ ಅಂದರು, "ನನ್ನ ಮನಸ್ಸನ್ನ ನಾನು ನಂಬಲ್ಲ ಕುಮುದಾ. ಯಾರಾದ್ರೂ ಬಂದು ನಗಿಸಿದ್ರೆ ಮತ್ತೆ ನಗ್ತೀನಿ, ಮತ್ತೆ ಮರೀತೀನಿ. ಹೊಟ್ಟೆ ಮರೆಯಲ್ಲ."

ಸೈಕಲ್ಲು ಹತ್ತಲು ನನಗೆ ಧೈರ್ಯ ಬರಲಿಲ್ಲ. ಗಲ್ಲಿಯ ಕೊನೆಯವರೆಗೂ ತಳ್ಳಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗೇಟಿನಲ್ಲಿ ಅವರು ಇನ್ನೂ ಇದ್ದರು, ಕೈ ಬೀಸಲಿಲ್ಲ. ಕೆರೆ ಏರಿಯ ಮೇಲೆ ಬಂದು, ಎಡಕ್ಕೆ ಎಷ್ಟು ಸರಿಯಬಹುದೋ ಅಷ್ಟು ಸರಿದು, ಒಂದು ಕಾಲು ಎತ್ತಿ ಪೆಡಲ್ಲಿನ ಮೇಲಿಟ್ಟೆ. ಒಂದು ಲಾರಿ ಬಂತು, ಹೋಯಿತು. ಅದು ನನಗೆ ಜಾಗ ಬಿಟ್ಟಿತೋ, ತಾನಾಗಿ ದೂರ ಹೋಯಿತೋ ಹೇಳುವಂತಿರಲಿಲ್ಲ. ಹಲ್ಲು ಕಚ್ಚಿಕೊಂಡು ತುಳಿದು, ಕಚೇರಿಗೆ ಎಲ್ಲರಿಗಿಂತ ಮೊದಲು ಹೋದೆ. ಬೀಗ ತೆಗೆಯುವವನೂ ಬಂದಿರಲಿಲ್ಲ.

ಆ ದಿನ ಹನಿಗಳು ತಪ್ಪಿದವು. ಎರಡು ಬಾಟಲಿಗೆ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಮಧ್ಯಾಹ್ನ ಡಬ್ಬಿ ಬಿಚ್ಚಿದವಳು ಮುಚ್ಚಿಟ್ಟೆ.

"ಏನು, ಉಪವಾಸಾನಾ?" ಎಂದಳು ಶಾಹೀನಾ.

ವಿಷಯ ಹೇಳಿದೆ. ಅವಳು ಬಾಯಿಗಿಟ್ಟ ತುತ್ತು ನುಂಗಿ, "ಅವ್ರು ಉಪವಾಸ ಇದ್ರೆ ನಿಮ್ಮ ದಾರಿ ತೆರೆಯುತ್ತೆ. ನೀವೂ ಉಪವಾಸ ಇದ್ರೆ ತಲೆ ತಿರುಗಿ ಬೀಳ್ತೀರ. ತಿನ್ರೀ ಸುಮ್ನೆ" ಎಂದಳು. ತಿಂದೆ. ಪಕ್ಕದ ಮನೆಯವರು ಉಪ್ಪಿಟ್ಟು ತಂದುಕೊಟ್ಟರೆ? ಇಷ್ಟೇ ಇಷ್ಟು ಎಂದು ಜಲಜಾಕ್ಷಮ್ಮ ಒಂದು ಚಮಚ ಬಾಯಿಗಿಟ್ಟರೆ? ಸಕ್ಕರೆ ಇಳಿದು ಜಗಲಿಯಲ್ಲೇ ಒರಗಿದರೆ? ಹಸಿದವರ ನೆನಪಿನಲ್ಲಿ ಹೆಚ್ಚು ಹೊತ್ತು ಇರುವುದು ಯಾರು, ಹೀರೇಕಾಯಿಯೋ ನಾನೋ? ಬೆಳಗಿನಿಂದ ಎಲ್ಲಿ ಕೂತರೂ ಅವರದೇ ಯೋಚನೆ. ಯಾರಾದರೂ ನನಗೆ ಕಾಯುವುದೆಂದರೆ ನಾನೂ ಹೀಗೆ ದಿನವಿಡೀ ಅವರಿಗಾಗಿ ಒದ್ದಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಅಣ್ಣನಿಗಾಗಿ ನಾನು ಒಂದು ದಿನವೂ ಹೀಗೆ ಒದ್ದಾಡಿರಲಿಲ್ಲ.

ಸಂಜೆ ಕಚೇರಿಯ ಹಿಂದಿನ ಸಂತೆಗೆ ಹೋದರೆ ಹೀರೇಕಾಯಿ ಇರಲಿಲ್ಲ. ಇದ್ದದ್ದು ಬಲಿತು ಬೆತ್ತವಾದದ್ದು. ಮಾರುವವಳು ಉಗುರಿನಲ್ಲಿ ಗೀರಿ ತೋರಿಸಿ, "ಎಳೇದೇ ಕಣವ್ವ, ನೋಡು" ಎಂದಳು. ಉಗುರೇ ಇಳಿಯಲಿಲ್ಲ. ಸೋರೆಕಾಯಿ ಒಯ್ಯಲೇ ಎಂದುಕೊಂಡೆ. ಆದರೆ ಒಂದು ಮಾತೆಂದರೆ ಮಾತು. ವೃತ್ತಕ್ಕೆ ಸ್ವಲ್ಪ ಮೊದಲು, ಸೇತುವೆಯ ಕೆಳಗೆ ತಳ್ಳುಗಾಡಿಯವರು ನಿಲ್ಲುತ್ತಾರೆ. ಅಲ್ಲಿಗೆ ತುಳಿದೆ. ಅಲ್ಲಿ ಸಿಕ್ಕಿತು: ತೆಳು ಹಸಿರಿನ, ತುದಿಯಲ್ಲಿ ಹೂವು ಇನ್ನೂ ಒಣಗಿ ಅಂಟಿಕೊಂಡಿರುವ ಹೀರೇಕಾಯಿ. ಚೀಲದಲ್ಲಿ ಹಿಡಿಸಲಿಲ್ಲ. ಬಾಳೆನಾರಿನಲ್ಲಿ ಕಟ್ಟಿಸಿ ಹ್ಯಾಂಡಲ್ಲಿಗೆ ನೇತುಹಾಕಿಕೊಂಡೆ. ಬೀದಿದೀಪಗಳು ಹತ್ತುತ್ತಿದ್ದವು. ಅವರು ಹಸಿದು ಕೂತ ಹೊತ್ತು ಬೆಳೆಯುತ್ತಿತ್ತು.

ವೃತ್ತದಲ್ಲಿ ಎಲ್ಲ ಕಡೆಯ ಗಾಡಿಗಳೂ ಒಂದಕ್ಕೊಂದು ಮೂಗು ತೂರಿಸಿಕೊಂಡು ನಿಂತಿದ್ದವು. ಹೊಗೆ, ಧೂಳು, ಕಾದ ಟಯರಿನ ವಾಸನೆ. ಇಳಿದು ತಳ್ಳಬೇಕಾದ ಜಾಗವೇ ಅದು. ಇಳಿದರೆ ಇನ್ನಷ್ಟು ಹೊತ್ತು. ನಾನು ಇಳಿಯಲಿಲ್ಲ. ನೀರಿನ ಟ್ಯಾಂಕರೊಂದರ ಎಡಗಡೆಯ ಸಂದಿಯಲ್ಲಿ ನುಗ್ಗಿದೆ. ಅರ್ಧ ದಾರಿಯಲ್ಲಿದ್ದಾಗ ಮುಂದಿನ ಸಾಲು ಕದಲಿತು. ಟ್ಯಾಂಕರು ಗುಡುಗಿ, ಎಡಕ್ಕೆ ತಿರುಗತೊಡಗಿತು. ನನ್ನ ಒಂದು ಪಕ್ಕಕ್ಕೆ ಸೇತುವೆಯ ಕಂಬ, ಇನ್ನೊಂದು ಪಕ್ಕಕ್ಕೆ ನನ್ನೆತ್ತರದ ಚಕ್ರ. ಆ ಚಕ್ರದ ಬೋಲ್ಟುಗಳು ಒಂದೊಂದಾಗಿ ಮೇಲೆ ಬಂದು ಕೆಳಗೆ ಹೋಗುವುದು ಕಾಣುತ್ತಿತ್ತು. ಹಿಂದಕ್ಕೆ ಹೋಗಲು ಜಾಗವಿರಲಿಲ್ಲ. ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚಲು ನೆನಪಾಗಲಿಲ್ಲ.

ಬ್ರೇಕು ಕಿರುಚಿತು. ಟ್ಯಾಂಕರಿನ ಬಾಯಿಂದ ನೀರು ತುಳುಕಿ ನನ್ನ ತಲೆಯ ಮೇಲೆ ಬಿತ್ತು. ಎತ್ತರದ ಕಿಟಕಿಯಿಂದ ಒಂದು ಮೀಸೆಯ ಮುಖ ಹೊರಗೆ ಬಂತು.

"ಏನಮ್ಮಾ, ಕಣ್ಣು ಮನೇಲಿ ಬಿಚ್ಚಿಟ್ಟು ಬಂದಿದ್ದೀಯಾ? ಎಡಗಡೆಯಿಂದ ನುಗ್ತೀಯಲ್ಲ, ಸಾಯೋಕೆ ನನ್ನ ಗಾಡೀನೇ ಆಗ್ಬೇಕಿತ್ತಾ?"

ನನ್ನ ಎರಡೂ ಕಾಲು ಇನ್ನೂ ಪೆಡಲ್ಲಿನ ಮೇಲಿದ್ದವು. ಒಂದು ಕೈಯಲ್ಲಿ ಕಂಬ ಹಿಡಿದುಕೊಂಡಿದ್ದೆ.

"ನಾನು ನಿಮಗೆ ಕಾಣ್ತಿದ್ದೀನಾ?"

"ಕಾಣ್ದೇ ಏನು? ಮಾರುದ್ದ ಹೀರೇಕಾಯಿ ನೇತಾಕ್ಕೊಂಡು ಬಂದಿದ್ದೀಯ. ಇಳಿ, ಇಳಿದು ಪಕ್ಕಕ್ಕೆ ತಳ್ಕೊಂಡು ಹೋಗು."

ಹಿಂದೆ ಹಾರ್ನುಗಳು ಶುರುವಾದವು. ಸುತ್ತಲಿನ ಕಿಟಕಿಗಳಲ್ಲಿ ಎಷ್ಟೋ ಮುಖಗಳು, ಎಲ್ಲವೂ ನನ್ನ ಕಡೆ. ಅಪರಿಚಿತರ ಎದುರು ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚುವವಳು ನಾನು. ತಲೆಯಿಂದ ನೀರು ಇಳಿಯುತ್ತಿತ್ತು.

"ಇಳಿಯಲ್ಲಣ್ಣ" ಎಂದೆ. ದನಿ ನನ್ನದೇ ಎನ್ನಿಸಲಿಲ್ಲ, ಅಷ್ಟು ಜೋರಾಗಿತ್ತು. "ಮನೇಲೊಬ್ರು ಬೆಳಿಗ್ಗೆಯಿಂದ ಹಸ್ಕೊಂಡು ಕೂತಿದ್ದಾರೆ. ನಾನು ಹೋಗದೆ ಒಲೆ ಹತ್ತಲ್ಲ. ನೀವು ಸ್ವಲ್ಪ ಹಿಂದಕ್ಕೆ ತಗೊಳ್ಳಿ."

ಅವನು ನನ್ನನ್ನು ಇನ್ನೊಮ್ಮೆ ನೋಡಿದ. ಹೀರೇಕಾಯಿಯನ್ನೂ ನೋಡಿದ. ಏನೋ ಗೊಣಗಿ, ತಲೆ ಒಳಗೆ ಎಳೆದುಕೊಂಡು, ಗೇರು ಬದಲಿಸಿದ. ಟ್ಯಾಂಕರು ನಡುಗಿ ಒಂದು ಗೇಣು ಹಿಂದೆ ಸರಿಯಿತು. ಅದಕ್ಕೆ ಜಾಗ ಕೊಡಲು ಅದರ ಹಿಂದಿನ ಬಸ್ಸು ಸರಿಯಿತು, ಬಸ್ಸಿನ ಹಿಂದಿನ ಕಾರೂ ಸರಿಯಿತು. ನಾನು ಇಳಿಯದೆ, ಕಂಬದಿಂದ ಕೈ ಬಿಟ್ಟು, ಅವರೆಲ್ಲರ ಎದುರಿನಿಂದ ತುಳಿದುಕೊಂಡು ಹೋದೆ.